ಕುಂಬಳಬಳ್ಳಿ ಮತ್ತು ಎದುರುಮನೆ ಶಿಷ್ಯೆ

ಬಾಟನಿ ಪಾಠ ಮಾಡಿ ನಿವೃತ್ತನಾದವನನ್ನು ಬೀದಿಯವರು ಸುಮ್ಮನೆ ಬಿಡುವುದಿಲ್ಲ. ತುಳಸಿ ಒಣಗಿದರೂ ನನ್ನ ಹತ್ತಿರ ಬರುತ್ತಾರೆ, ದಾಸವಾಳಕ್ಕೆ ಬಿಳಿ ಹುಳು ಹತ್ತಿದರೂ ಬರುತ್ತಾರೆ. ನನಗೂ ಬಾಯಿ ಸುಮ್ಮನಿರುವುದಿಲ್ಲ. ಒಂದು ಮಾತು ಕೇಳಿದರೆ ಒಂದು ಪೀರಿಯಡ್ ಹೇಳುತ್ತೇನೆ. ವಿಜಯನಗರದ ನಮ್ಮ ಕ್ರಾಸಿನಲ್ಲಿ ಈ ಪಾಠಗಳನ್ನು ಮನಸ್ಸಿಟ್ಟು ಕೇಳುವವರು ಒಬ್ಬರೇ, ಎದುರುಮನೆಯಾಕೆ. ಕಾಲೇಜಿನಲ್ಲಿ ನಾನು ಹೇಳಿದ್ದನ್ನು ಯಾರೂ ಮಾಡುತ್ತಿರಲಿಲ್ಲ. ಈಕೆ ಹೇಳಿದ್ದನ್ನೆಲ್ಲ ಮಾಡುತ್ತಾರೆ. ತೊಂದರೆ ಇರುವುದೇ ಅಲ್ಲಿ.

ಮಂಚದ ಪಕ್ಕದ ಕುಂಡ

ಆಕೆ ಮಲಗುವ ಕೋಣೆಯ ತುಂಬ ಕುಂಡ ಇಟ್ಟಿದ್ದರು. ಗಿಡಗಳೂ ನಮ್ಮ ಹಾಗೆ ಉಸಿರಾಡುತ್ತವೆ, ಕತ್ತಲಲ್ಲಿ ಕಾರ್ಬನ್ ಡೈಆಕ್ಸೈಡ್ ಬಿಡುತ್ತವೆ ಎಂದು ಮಾತಿಗೆ ಹೇಳಿದೆ. ಅಂದಿನಿಂದ ಕುಂಡಗಳು ಸಂಜೆ ಗೇಟಿನ ಆಚೆ, ಬೆಳಿಗ್ಗೆ ಮನೆಯ ಒಳಗೆ. ಹೊರುವವರು ಆಕೆಯ ಯಜಮಾನರು. ಅವರು ಸೊಂಟ ಹಿಡಿದುಕೊಂಡು ನನ್ನನ್ನು ನೋಡುವ ನೋಟದಲ್ಲಿ ಒಳ್ಳೆಯದೇನೂ ಇರಲಿಲ್ಲ.

ಪಾಪ ಎನಿಸಿತು. ಆಕೆಯನ್ನು ಕರೆದು, "ಅಷ್ಟು ಭಯ ಬೇಡಮ್ಮ. ಗಿಡ ಬಿಡೋದು ಚೂರೇ ಚೂರು. ಪಕ್ಕದಲ್ಲಿ ಮಲಗಿರೋ ಮನುಷ್ಯ ಅದಕ್ಕಿಂತ ಎಷ್ಟೋ ಜಾಸ್ತಿ ಬಿಡ್ತಾನೆ" ಎಂದೆ.

"ಹೌದಾ ಮೇಷ್ಟ್ರೇ! ನಂಗೆ ಗೊತ್ತೇ ಇರ್ಲಿಲ್ವಲ್ಲ."

ಮರುದಿನದಿಂದ ಕುಂಡಗಳು ಕೋಣೆಯಲ್ಲೇ ಉಳಿದವು. ಯಜಮಾನರ ಚಾಪೆ ಹಾಲ್‌ಗೆ ಬಂತು.

ಮೊದಲು ಬರುವವರು

ಇನ್ನು ನನ್ನ ಹೆಂಡತಿ. "ಸರ್ವಿಸ್ ಪೂರ್ತಿ ಗಿಡದ ಪಾಠ ಮಾಡಿದ್ರಿ. ಇವತ್ತಿನವರೆಗೂ ನಿಮ್ಮ ಕೈಯಿಂದ ಹುಳಿಗೆ ಅಂತ ಒಂದು ಕಾಯಿ ಬಂದಿದ್ಯಾ?" ಎಂದಳು. ಮೈ ಉರಿದುಹೋಯಿತು, ಏಕೆಂದರೆ ಮಾತು ನಿಜ. ಅವತ್ತೇ ಕಾಂಪೌಂಡ್ ಪಕ್ಕ ಸಿಹಿಗುಂಬಳದ ಬೀಜ ಊರಿ, "ಯುಗಾದಿ ಹುಳಿಗೆ ನನ್ನ ಕುಂಬಳಕಾಯಿ. ಇಲ್ದಿದ್ರೆ ಇನ್ಮೇಲೆ ಗಿಡದ ವಿಷಯ ಬಾಯಿಗೆ ತರಲ್ಲ" ಎಂದು ಶಪಥ ಮಾಡಿದೆ. ಹೆಂಡತಿಗೆ ಎರಡನೆಯದೇ ಹೆಚ್ಚು ಇಷ್ಟವಾದಂತೆ ಕಂಡಿತು.

ಬಳ್ಳಿ ಹಬ್ಬಿತು, ಹೂವು ಬಿಟ್ಟಿತು. ದಿನಾ ಹೂವು, ಎಲ್ಲವೂ ಗಂಡು. "ಮೊದಲು ಗಂಡು ಹೂವೇ ಬರೋದು, ಆಮೇಲೆ ಹೆಣ್ಣು" ಎಂದು ಸಮಾಧಾನ ಹೇಳಿದೆ.

"ಎಲ್ಲಾ ಕಡೆ ಹಾಗೇ ಬಿಡಿ," ಎಂದಳು, "ಊಟಕ್ಕೂ ಮೊದಲು ಬಂದು ಕೂರೋದು ಗಂಡಸ್ರೇ."

ಪಾಸಾದ ಕ್ಲಾಸು

ಧನುರ್ಮಾಸ ಬಂತು. ರಂಗೋಲಿಯ ನಡುವೆ ಸಗಣಿ ಉಂಡೆ ಇಟ್ಟು ಅದರ ಮೇಲೆ ಸಿಕ್ಕಿಸಲು ಬೀದಿಯ ಹೆಂಗಸರಿಗೆ ಕುಂಬಳದ ಹೂವು ಬೇಕು. ಇರುವುದು ನನ್ನ ಬಳ್ಳಿ ಒಂದೇ. ಬೇಡ ಎಂದರೆ ದೇವರ ಕೆಲಸಕ್ಕೆ ಅಡ್ಡ ಬಂದವನಾಗುತ್ತೇನೆ. ಎದುರುಮನೆಯಾಕೆಯನ್ನು ಬಳ್ಳಿಯ ಹತ್ತಿರ ನಿಲ್ಲಿಸಿಕೊಂಡೆ.

"ನೋಡಿ, ಹೂವಿನ ಬುಡದಲ್ಲಿ ಪುಟ್ಟ ಕಾಯಿ ಇದ್ರೆ ಅದು ಹೆಣ್ಣು. ಅದನ್ನ ಮುಟ್ಟಬೇಡಿ. ಬರೀ ತೊಟ್ಟಿದ್ರೆ ಗಂಡು. ಅದು ಕಾಯಾಗಲ್ಲ, ಕಿತ್ಕೊಳ್ಳಿ."

"ಎಲ್ಲರಿಗೂ ಹೇಳ್ತೀನಿ ಮೇಷ್ಟ್ರೇ."

ಹೇಳಿದರು. ಬೀದಿಯ ವಾಟ್ಸಪ್ ಗ್ರೂಪಿನಲ್ಲಿ ಫೋಟೊ ಸಮೇತ ಹಾಕಿದರು. ನನ್ನ ಯಾವ ಕ್ಲಾಸೂ ಇಷ್ಟು ಚೆನ್ನಾಗಿ ಪಾಸಾಗಿರಲಿಲ್ಲ.

ಬೆಳಗಿನ ಪ್ರಾಕ್ಟಿಕಲ್

ಒಂದು ಬೆಳಿಗ್ಗೆ ನೋಡುತ್ತೇನೆ, ಮೊದಲ ಹೆಣ್ಣು ಹೂವು ಅರಳಿದೆ! ಕುಣಿಯುವಷ್ಟು ಖುಷಿಯಾಯಿತು. ನಮ್ಮ ಬೀದಿಯಲ್ಲಿ ಜೇನುನೊಣ ಅಪರೂಪ. ಗಂಡು ಹೂವಿನ ಪರಾಗವನ್ನು ನಾನೇ ತಂದು ಮುಟ್ಟಿಸಬೇಕು. ಬಿಸಿಲೇರಿದರೆ ಹೂವು ಮುಚ್ಚಿಕೊಂಡು ಕಾಯಿ ಉದುರಿಹೋಗುತ್ತದೆ. ಬಳ್ಳಿಯೆಲ್ಲ ತಡಕಿದೆ. ಒಂದೇ ಒಂದು ಗಂಡು ಹೂವಿಲ್ಲ. ಹೆಣ್ಣನ್ನು ಮುಟ್ಟದೆ, ಗಂಡನ್ನು ಬಿಡದೆ, ಪಾಠದ ಪ್ರಕಾರವೇ ಕೊಯ್ದಿದ್ದರು.

ತಲೆ ಎತ್ತಿದರೆ ನನ್ನ ಹೂವುಗಳೆಲ್ಲ ಮನೆಮನೆಯ ಮುಂದೆ ಸಗಣಿಯ ಮೇಲೆ ಕೂತಿವೆ. ಮಫ್ಲರ್‌ನಲ್ಲಿ ಮುಖ ಮುಚ್ಚಿಕೊಂಡು ಎದುರುಮನೆ ರಂಗೋಲಿಗೆ ಬಗ್ಗಿದೆ. ಹೂವು ಕೈಗೆ ಬಂತು, ಬಾಗಿಲೂ ತೆರೆಯಿತು.

"ಅಯ್ಯೋ ಮೇಷ್ಟ್ರೇ! ರಂಗೋಲಿ ಹೂವು ಕದೀತಿದೀರಾ?"

"ಕದಿಯೋದೇನಮ್ಮ, ನನ್ನ ಬಳ್ಳೀದೇ ಹೂವು! ಅಲ್ಲಿ ಹೆಣ್ಣು ಹೂವು ಅರಳಿದೆ, ಬಿಸಿಲು ಬರೋದ್ರೊಳಗೆ ಪರಾಗ ಮುಟ್ಟಿಸ್ಬೇಕು, ದಾರಿ ಬಿಡಿ!"

ಹಾಲ್‌ನಲ್ಲಿದ್ದ ಚಾಪೆಯಿಂದ ಯಜಮಾನರು ಸಂತೋಷವಾಗಿ, "ಬಿಡ್ಬೇಡ ಕಣೇ, ಪೊಲೀಸ್‌ಗೆ ಫೋನ್ ಮಾಡು" ಎಂದರು.

ನಾನು ಓಡಿದೆ. ಎಸಳು ಕಿತ್ತು, ಪರಾಗವನ್ನು ಹೆಣ್ಣು ಹೂವಿನೊಳಗೆ ಸವರಿದೆ. ಹಿಂದೆಯೇ ಬಂದ ಆಕೆ ಪೂಜೆಗೆ ಇಟ್ಟಿದ್ದ ಅಕ್ಷತೆ ತಂದು ಎರಡೂ ಹೂವಿನ ಮೇಲೆ ಹಾಕಿದರು.

ಕಾಯಿ ನಿಂತಿತು, ಬೆಳೆಯಿತು. ಯುಗಾದಿ ಬೆಳಿಗ್ಗೆ ಹೆಂಡತಿ ಅದನ್ನು ಮುಂದಿಟ್ಟುಕೊಂಡು ನನ್ನನ್ನು ನೋಡಿ ನಕ್ಕಳು. ನನಗೆ ಇಡೀ ಸರ್ವಿಸ್ ಸಾರ್ಥಕವಾಯಿತು ಅನ್ನಿಸಿತು. ಅಷ್ಟರಲ್ಲಿ ಎದುರುಮನೆಯ ಗಂಡ ಹೆಂಡತಿ ಹೊಸ ಬಟ್ಟೆಯುಟ್ಟು, ಖಾಲಿ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತರು.

"ಅರ್ಧ ಕುಂಬಳ ಕೊಡಿ ಮೇಷ್ಟ್ರೇ."

"ಯಾಕಮ್ಮ? ಬಳ್ಳಿ ನಂದು, ಹೂವೂ ನಂದು!"

"ಬಳ್ಳಿ ನಿಮ್ಮದೇ ಇರ್ಲಿ. ಗಂಡು ಬಂದಿದ್ದು ನಮ್ಮನೆ ಬಾಗಿಲಿಂದ. ಅಕ್ಷತೇನೂ ಬಿತ್ತು. ನಾವು ಗಂಡಿನ ಕಡೆಯವರು."

ನಾನು ಬಾಯಿ ತೆರೆಯುವ ಮೊದಲೇ ಯಜಮಾನರು ಸೊಂಟ ನೆಟ್ಟಗೆ ಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದರು.

"ಏನ್ ಸಾರ್, ಬೀಗರು ಬಂದ್ರೆ ಕಾಲಿಗೆ ನೀರು ಕೊಡೋ ಪದ್ಧತಿ ಇಲ್ವಾ ನಿಮ್ಮನೇಲಿ?"