ಮಾವನ ಕಂಕುಳಿನ ತಂತಿ

ನಮ್ಮ ಸೋದರಮಾವನಿಗೆ ನೆಟ್ಟಗಿರುವ ಯಾವ ವಸ್ತುವನ್ನು ಕಂಡರೂ ಆಗುತ್ತಿರಲಿಲ್ಲ. ಅವರೇ ನೆಟ್ಟಗಿದ್ದರೇ ಎಂದು ಮಾತ್ರ ಕೇಳಬೇಡಿ, ಅತ್ತೆಗೆ ಬೇಸರವಾಗುತ್ತದೆ!

ಹೊಳೆನರಸೀಪುರದ ಮಿಡ್ಲ್ ಸ್ಕೂಲಿನಲ್ಲಿ ಅವರು ಮೇಷ್ಟರು. ಮಕ್ಕಳಿಗೆ ಕಲಿಸಬೇಕಾದದ್ದು ಭಿನ್ನರಾಶಿ. ಆದರೆ ತಲೆಯಲ್ಲಿ ಕುಣಿಯುತ್ತಿದ್ದದ್ದು ಕಾಲೇಜಿನ ತ್ರಿಕೋನಮಿತಿಯ ಸೈನ್ ಅಲೆ: ಸೊನ್ನೆಯಿಂದ ಹತ್ತಿ, ಇಳಿದು, ಗೆರೆ ದಾಟಿ ಕೆಳಗೆ ಹೋಗಿ, ಮತ್ತೆ ಸೊನ್ನೆಗೇ ಬರುವ ಬಳುಕು ಗೆರೆ. ಭಿನ್ನರಾಶಿಯ ಮೇಷ್ಟರಿಗೆ ಇದರ ಹುಚ್ಚು ಯಾಕೆ? ಕೇಳಿದರೆ ಮಾತು ಬದಲಿಸುತ್ತಿದ್ದರು.

ಒಂದು ಸಲ, ಹಿತ್ತಲಲ್ಲಿ ಅತ್ತೆ ಬಟ್ಟೆ ಒಣಹಾಕುವ ತಂತಿಯನ್ನೇ ಕತ್ತರಿಸಿ ಸೈನ್ ಅಲೆಯ ಆಕಾರಕ್ಕೆ ಬಗ್ಗಿಸಿಬಿಟ್ಟರು. ಮೊಳದುದ್ದದ ಆ ತಂತಿ ಅಂದಿನಿಂದ ಅವರ ಕಂಕುಳಿನಲ್ಲೇ.

"ಒದ್ದೆ ಸೀರೆ ಎಲ್ಲಿ ಒಣಾಕ್ಲಿ?" ಅಂದರು ಅತ್ತೆ.

"ನೋಡು, ನಿನ್ನ ಸಿಟ್ಟು ಎಲ್ಡರಷ್ಟಾದ್ರೆ ಅಲೆ ಎತ್ತರ ಆಯ್ತದೆ. ಉದ್ದ ಮಾತ್ರ ಅಂಗೇ ಇರ್ತದೆ!"

"ಉದ್ದ ಎಷ್ಟೂಂತ ಈಗ ತೋರುಸ್ತೀನಿ ಇರಿ," ಎಂದ ಅತ್ತೆ ಮೂರು ದಿನ ಮಾತು ಬಿಟ್ಟರು.

ರುದ್ರಪಟ್ಟಣದ ಸಂಗೀತೋತ್ಸವದಲ್ಲಿ ಮುಂದಿನ ಸಾಲಿನವರೆಲ್ಲ ತೊಡೆ ತಟ್ಟಿ ತಾಳ ಹಾಕುತ್ತಿದ್ದರೆ, ಇವರು ಗಾಳಿಯಲ್ಲಿ ಬೆರಳಾಡಿಸಿ ಅಲೆ ಬರೆಯುತ್ತಿದ್ದರು. ಮೃದಂಗದವರು ಅದನ್ನೇ ನೋಡಿ ನೋಡಿ ತಾಳ ತಪ್ಪಿದರು! ಮಾರನೆಯ ದಿನ ಉತ್ಸವದವರು ಮಾವನಿಗೆ ಕಂಬದ ಹಿಂದೆ ಚಾಪೆ ಹಾಕಿಕೊಟ್ಟರು.

ಇಂಥವರ ಅಕ್ಕನ ಮಗಳು ನಾನು, ಹಾಸನದಲ್ಲಿ ಪಿ.ಯು.ಸಿ. ಓದಿ ಗಣಿತದಲ್ಲೇ ಫೇಲಾದೆ. ಎಕ್ಸ್‌ನಿಂದ ಮೂವತ್ತು ಡಿಗ್ರಿ ಕಳೆದು ಸೈನ್ ಅಲೆ ಬರೆಯಿರಿ ಅಂದಿದ್ದರು. ಕಳೆಯುವುದೆಂದರೆ ಹಿಂದಕ್ಕೆ ತಾನೆ? ಎಡಕ್ಕೆ ತಳ್ಳಿದೆ. ಅದು ಬಲಕ್ಕೆ ಹೋಗಬೇಕಿತ್ತು. ಆ ಜಾತಿಯ ಲೆಕ್ಕಗಳೆಲ್ಲ ಹಾಗೆಯೇ ಎಡಕ್ಕೆ ಹೋದವು.

ನಮ್ಮೂರು ದಂಡಿಗನಹಳ್ಳಿಯಲ್ಲಿ ಹೊಲದಿಂದ ಬಂದ ಅಪ್ಪ ಹೇಳಿದ್ದು ಇಷ್ಟೇ: "ಸಾಕು ಕಣವ್ವ. ಫೇಲಾದ್ಮ್ಯಾಕೆ ಇನ್ಯಾತರ ಓದು? ಗಂಡು ನೋಡ್ತೀನಿ."

ನಾನು ಊಟ ಬಿಟ್ಟು ಮೂಲೆ ಸೇರಿದೆ. ಓದು ನಿಂತರೆ ನಾನೇ ನಿಂತುಹೋಗುತ್ತೇನೆ ಎಂದು ಭಯವಾಗಿತ್ತು.

ಸುದ್ದಿ ತಿಳಿದ ಮಾವ ಮೊದಲ ಬಸ್ಸಿಗೇ ಬಂದಿಳಿದರು, ಕಂಕುಳಲ್ಲಿ ತಂತಿ! ಜಗಲಿಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ತಂತಿ ಇಟ್ಟರು. ಆಮೇಲೆ ಅದನ್ನು ಗೇಣುದ್ದ ಬಲಕ್ಕೆ ಸರಿಸಿದರು.

"ಬಾವ, ತಂತಿ ಗಿಡ್ಡ ಆಯ್ತಾ?"

"ಇಲ್ಲ," ಅಂದರು ಅಪ್ಪ.

"ಕೆಳೀಕೆ ಇಳೀತಾ?"

"ಇಲ್ಲ ಕಣಯ್ಯ. ಅಲ್ಲಿದ್ದದ್ದು ಇಲ್ಲಿಗೆ ಬಂತು."

"ಅಷ್ಟೇಯ! ನಿಮ್ಮ ಮಗಳಿಗೆ ಒಂದು ವರ್ಸ ಓಯ್ತು. ಅದೇ ಏರು ಒಸಿ ತಡವಾಗಿ ಸುರುವಾಯ್ತದೆ."

ಅಪ್ಪ ಬಗ್ಗಿ ತಂತಿಯನ್ನು ತಾವೇ ಒಮ್ಮೆ ಹಿಂದಕ್ಕೂ ಮುಂದಕ್ಕೂ ಸರಿಸಿ ನೋಡಿದರು. ಆಮೇಲೆ ಅದನ್ನು ಮಾವನ ಕೈಗೆ ಕೊಟ್ಟು, "ಇನ್ನೊಂದ್ಸಲ ಪರೀಕ್ಸೆ ಕಟ್ಲಿ," ಎಂದರು.

ಮಾವನನ್ನು ಬಸ್ಸಿಗೆ ಕಳಿಸಲು ಹೋದೆ. ರಸ್ತೆ ನೋಡುತ್ತಲೇ ಅವರು ಮೆಲ್ಲಗೆ ಹೇಳಿದರು: "ನಾನೂ ಇಂಟರ್‌ಮೀಡಿಯೆಟ್‌ನಾಗೆ ಇದ್ರಲ್ಲೇ ಫೇಲಾದೆ ಕಣವ್ವ. ನಾನೂ ಎಡಕ್ಕೇ ತಳ್ಳಿದ್ದೆ. ನಮ್ಮನೇಲಿ ಯಾರೂ ತಂತಿ ಸರಿಸಿ ತೋರಿಸ್ನಿಲ್ಲ."

ಅವರನ್ನು ನೋಡಿ ಎಷ್ಟು ನಕ್ಕಿದ್ದೆನಲ್ಲ!

ತಂತಿಯನ್ನು ನನ್ನ ಕೈಗಿಟ್ಟು ಬಸ್ಸು ಹತ್ತಿದವರು ಕಿಟಕಿಯಿಂದ ತಲೆ ಹೊರಹಾಕಿ ಕೂಗಿದರು: "ಕಳೆದ್ರೆ ಯಾವ ಕಡೀಕೆ?"

"ಬಲಕ್ಕೆ, ಮಾವ!" ಅಳುತ್ತಲೇ ಕೂಗಿದೆ.