ಶಾಣ್ಯಾ ಕ್ಯಾಮೆರಾ ಕಂಡ ಮಂದಿ

ಮಷೀನಿಗೆ ಬುದ್ಧಿ ಬಂದ ಮೇಲೆ ನಿನ್ನ ಕೆಲಸ ಹಗುರಾಗುತ್ತದೆ ಅಂತ ಎಲ್ಲರೂ ಹೇಳಿದ್ದರು. ಹಗುರೇನೂ ಆಗಲಿಲ್ಲ. ಆದರೆ ನಗದೇ ಕಳೆದ ವಾರ ಅಂತ ಒಂದೂ ಉಳಿಯಲಿಲ್ಲ.

ನಾನು ಬೆಟಗೇರಿಯವನು. ಸೈನ್ಯದ ಸಿಗ್ನಲ್ ವಿಭಾಗದಲ್ಲಿ ಹವಾಲ್ದಾರನಾಗಿದ್ದು ನಿವೃತ್ತನಾಗಿ ಬಂದು, ಈಗ ಗದಗಿನ ಒಂದು ಸಣ್ಣ ಕಂಪನಿಯಲ್ಲಿದ್ದೇನೆ. ಕ್ಯಾಮೆರಾ, ಡ್ರೋನ್, ಹಾಜರಿ ಹಾಕುವ ಯಂತ್ರ, ಇಂಥವನ್ನು ಕೂರಿಸುವುದು ನನ್ನ ಕೆಲಸ. ಅವಕ್ಕೆ ಬುದ್ಧಿ ಕಲಿಸುವುದು ನಮ್ಮ ಎಂಜಿನಿಯರ್ ಮೇಡಮ್ ಅವರ ಕೆಲಸ. ಓದಿದವರು ಇದಕ್ಕೆ ಕೃತಕ ಬುದ್ಧಿಮತ್ತೆ ಅನ್ನುತ್ತಾರೆ. ನಮ್ಮ ಕಡೆ ಜಾಣರಿಗೆ ಶಾಣ್ಯಾ ಅನ್ನುವುದು ರೂಢಿ. ಹಾಗಾಗಿ ಮಂದಿ ಇದನ್ನು "ಶಾಣ್ಯಾ ಕ್ಯಾಮೆರಾ" ಅಂದರು, ಹೆಸರು ಅಲ್ಲೇ ನಿಂತಿತು.

ಕಂಬ

ಮೊದಲ ಪ್ರಸಂಗ ಊರ ಕಡೆಯದಲ್ಲ. ನಾನಿನ್ನೂ ಸೇವೆಯಲ್ಲಿದ್ದಾಗ ಗಡಿಯ ನಮ್ಮ ಚೌಕಿಗೆ ಹೊಸ ಕ್ಯಾಮೆರಾ ಬಂತು. ಕಣ್ಣಿಗೆ ಬಿದ್ದದ್ದು ಮನುಷ್ಯನೋ, ಪ್ರಾಣಿಯೋ, ಗಿಡವೋ, ಮತ್ತೇನೋ ಅಂತ ತಾನೇ ತೀರ್ಮಾನಿಸಿ, ಮನುಷ್ಯನಾದರೆ ಗಂಟೆ ಬಾರಿಸುವ ಕ್ಯಾಮೆರಾ. ರಾಶಿ ರಾಶಿ ಚಿತ್ರ ತೋರಿಸಿ ಅದಕ್ಕೆ ಕಲಿಸಿದ್ದೇವೆ ಅಂತ ತಂದವರು ಹೇಳಿದರು. ಪರೀಕ್ಷೆ ನೋಡಲು ದೊಡ್ಡ ಸಾಹೇಬರು ಬರುವವರಿದ್ದರು. ಪರೀಕ್ಷೆಯಲ್ಲಿ ತಪ್ಪಿದರೆ ಕ್ಯಾಮೆರಾ ವಾಪಸು ಹೋಗುತ್ತದೆ, ನಾವು ಮತ್ತೆ ದುರ್ಬೀನು ಹಿಡಿದು ಹಿಮದಲ್ಲಿ ನಿಲ್ಲಬೇಕು. ಅದಕ್ಕೇ ಅದು ಪಾಸಾಗಲಿ ಅಂತ ನಮ್ಮಲ್ಲಿ ದೇವರಿಗೆ ಬೇಡಿಕೊಂಡವರೂ ಇದ್ದರು.

ಸಾಹೇಬರು ಬಂದು ಪರದೆಯ ಮುಂದೆ ಕುಳಿತರು. ಎದುರಿನ ಬಯಲಿನಲ್ಲಿ ಜವಾನರು ನಡೆದರು, ಓಡಿದರು, ತೆವಳಿದರು. ಪ್ರತಿ ಸಲವೂ ಗಂಟೆ ಬಾರಿಸಿತು. ಸಾಮಾನು ಹೊರುವ ಹೇಸರಗತ್ತೆಯನ್ನು ಬಿಟ್ಟೆವು, "ಪ್ರಾಣಿ" ಅಂತ ತೋರಿಸಿತು. ಸಾಹೇಬರು ತಲೆದೂಗಿದರು. ಆಮೇಲೆ ಪರದೆಯ ಒಂದು ಮೂಲೆಗೆ ಬೆರಳಿಟ್ಟು, "ಬಯಲಿನ ನಡುವೆ ಕಂಬ ಯಾಕೆ ನೆಟ್ಟಿದ್ದೀರಿ?" ಅಂತ ಕೇಳಿದರು.

ನಾನು ಬಗ್ಗಿ ನೋಡಿದೆ. ಜವಾನರಿಗೆ ಅಪ್ಪಣೆ ಕೊಡಲು ಅಲ್ಲಿ ನಿಂತಿದ್ದವರು ನಮ್ಮ ಪಂಜಾಬಿ ಸುಬೇದಾರರು. ಸಾಹೇಬರು ಬಂದ ಗಳಿಗೆಯಿಂದ ಸಾವಧಾನ್ ಭಂಗಿಯಲ್ಲೇ ಇದ್ದರು. ಅವರ ಸುತ್ತ ಒಂದು ಚೌಕ, ಅದರ ಕೆಳಗೆ "ಕಂಬ" ಅಂತ ಬರಹ.

"ಕಂಬ ಅಲ್ಲ ಸಾಬ್, ಸುಬೇದಾರ್ ಸಾಬ್" ಅಂದೆ.

ಕ್ಯಾಮೆರಾ ತಂದವನ ಮುಖ ಬಿಳುಚಿಕೊಂಡಿತು. "ಅವರು ಒಂಚೂರೂ ಅಲುಗಾಡುತ್ತಿಲ್ಲ ಸರ್. ಉಸಿರಾಡಿದ್ದು ಕೂಡ ಕಾಣುತ್ತಿಲ್ಲ" ಅಂದ. ಸಾಹೇಬರು ನಕ್ಕು, ಇನ್ನಷ್ಟು ಕಲಿಸಿ, ಆದರೆ ಕ್ಯಾಮೆರಾ ಇಲ್ಲೇ ಇರಲಿ ಅಂತ ಹೇಳಿ ಹೋದರು.

ವಿಷಯ ಸುಬೇದಾರರಿಗೆ ತಿಳಿಸುವುದು ಹೇಗೆ ಅಂತ ನಾವೆಲ್ಲ ಹೆದರಿದ್ದೆವು. ಕೊನೆಗೆ ನಾನೇ ಹೇಳಿದೆ. ಅವರು ಸಿಟ್ಟಾಗಲಿಲ್ಲ, ಮೀಸೆ ತೀಡಿಕೊಂಡರು. ಮರುದಿನ ಪರೇಡಿನಲ್ಲಿ ಜವಾನರ ಸಾಲಿನ ಮುಂದೆ ನಿಂತು ಹೇಳಿದರು: "ಆ ಮಷೀನು ನಿಮ್ಮನ್ನೆಲ್ಲ ಇನ್ನೂ ಮನುಷ್ಯರು ಅನ್ನುತ್ತಿದೆ. ನಾಚಿಕೆಯಾಗಬೇಕು ನಿಮಗೆ."

ನಾಯಿಗಳ ಸಭೆ

ಚಳಿಗಾಲದಲ್ಲಿ ನಮ್ಮ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯದ ಆಚೆಯಿಂದ ಹೆಬ್ಬಾತುಗಳು ಬರುತ್ತವೆ. ನೋಡುವವರಿಗೆ ಚಂದ. ಕೆರೆ ಪಕ್ಕದ ಹೊಲದವರಿಗೆ ಕಷ್ಟ, ಯಾಕೆಂದರೆ ಅವು ಕಡಲೆಯ ಎಳೆ ಗಿಡ ಮೇಯುತ್ತವೆ. ಅಲ್ಲಿಯ ರೈತರೊಬ್ಬರು ನಮ್ಮ ಆಫೀಸಿಗೆ ಬಂದರು.

"ಹಕ್ಕಿಗೆ ಪೆಟ್ಟಾಗಬಾರ್ದ್ರಿ. ಅಷ್ಟು ದೂರದಿಂದ ನಮ್ಮೂರ ನಂಬಿ ಬಂದಾವು. ಆದ್ರ ಹೊಲನೂ ಉಳೀಬೇಕು" ಅಂದರು.

ಮೇಡಮ್ ಅವರಿಗೆ ಈ ಮಾತು ಬಹಳ ಹಿಡಿಸಿತು. ಹೊಲದ ನಡುವೆ ಒಂದು ಕಂಬ ನೆಟ್ಟು, ಅದರ ಮೇಲೆ ಕ್ಯಾಮೆರಾ ಮತ್ತು ಸ್ಪೀಕರ್ ಕೂರಿಸಿದೆವು. ಹಕ್ಕಿ ಹಿಂಡು ಇಳಿದದ್ದು ಕಂಡರೆ ಸ್ಪೀಕರಿನಿಂದ ನಾಯಿ ಬೊಗಳುತ್ತದೆ, ಹಕ್ಕಿಗಳು ಕೆರೆಗೆ ವಾಪಸು ಹೋಗುತ್ತವೆ. ಮೊದಲ ದಿನ ಹಾಗೆಯೇ ಆಯಿತು. ರೈತರು ನಮಗೆ ಹಸಿ ಕಡಲೆ ಗಿಡದ ಸೂಡು ಕಟ್ಟಿ ಕೊಟ್ಟರು.

ವಾರ ಕಳೆಯುವುದರೊಳಗೆ ಅವರ ಫೋನು ಬಂತು, "ಜಲ್ದಿ ಬರ್ರಿ" ಅಂತ. ಹೋಗಿ ನೋಡಿದರೆ ಊರ ನಾಯಿಗಳೆಲ್ಲ ಕಂಬದ ಸುತ್ತ ಕುಳಿತಿವೆ. ಹೊಲದಲ್ಲಿ ಹೊಸ ನಾಯಿಯೊಂದು ಬಂದು ದಿನವೂ ಕೂಗುತ್ತಿದೆ, ಯಾರದು ಅಂತ ವಿಚಾರಿಸಲು ಬಂದಿದ್ದವು. ಅವು ಅತ್ತಿತ್ತ ಓಡಾಡಿದ್ದನ್ನು ಕಂಡು ಕ್ಯಾಮೆರಾ ಹಕ್ಕಿ ಹಿಂಡು ಅಂತ ತಿಳಿದು ಬೊಗಳುತ್ತಿತ್ತು. ಅದಕ್ಕೆ ನಾಯಿಗಳು ಉತ್ತರ ಕೊಡುತ್ತಿದ್ದವು. ಉತ್ತರ ಕೊಡುವ ಭರದಲ್ಲಿ ಎದ್ದು ಕುಣಿದರೆ ಕ್ಯಾಮೆರಾ ಮತ್ತೆ ಬೊಗಳುತ್ತಿತ್ತು. ಸಂಭಾಷಣೆ ಮುಗಿಯುವ ಲಕ್ಷಣವೇ ಇರಲಿಲ್ಲ. ಹೆಬ್ಬಾತುಗಳು ಹೊಲದ ಇನ್ನೊಂದು ತುದಿಯಲ್ಲಿ ನೆಮ್ಮದಿಯಾಗಿ ಮೇಯುತ್ತಿದ್ದವು.

ರೈತರ ಹೆಂಡತಿ ಸೆರಗಿನಿಂದ ಕಿವಿ ಮುಚ್ಚಿಕೊಂಡು ಬದುವಿನ ಮೇಲೆ ಕುಳಿತಿದ್ದರು. ನಮ್ಮನ್ನು ಕಂಡು ಮೆಲ್ಲಗೆ ಕೇಳಿದರು: "ಹಕ್ಕಿ ಓಡ್ಸಾಕ ಮಷೀನ್ ಕೊಟ್ರಿ, ಆತು. ಈ ಮಷೀನ್ ಓಡ್ಸಾಕ ಏನ್ ಕೊಡ್ತೀರಿ?"

ಸಿಟ್ಟಿನ ಭಾಷೆ

ಇದರಲ್ಲಿ ಕ್ಯಾಮೆರಾ ಇಲ್ಲ, ಕಿವಿ ಇದೆ. ರೈತರು ಫೋನಿನಲ್ಲಿ ಬೆಳೆ, ಮಳೆ ಕುರಿತು ಕೇಳಿದರೆ ಕನ್ನಡದಲ್ಲೇ ಉತ್ತರ ಹೇಳುವ ಯಂತ್ರ. ನಮ್ಮ ಕಡೆಯ ಮಾತು ಅದಕ್ಕೆ ತಿಳಿಯಬೇಕಾದರೆ ನಮ್ಮ ಕಡೆಯ ಮಂದಿಯ ದನಿ ಬೇಕು. ಮೇಡಮ್ ಮತ್ತು ನಾನು ದನಿ ಸಂಗ್ರಹಿಸಲು ಶಿರಹಟ್ಟಿಗೆ ಹೋದೆವು. ಮೇಲಿನವರು ಬರೆದು ಕಳಿಸಿದ ವಾಕ್ಯಗಳನ್ನು ಮೇಡಮ್ ಓದಿ ಹೇಳುವುದು, ಎದುರಿಗಿದ್ದವರು ಅದನ್ನು ತಮ್ಮ ಮಾತಿನಲ್ಲಿ ಮೈಕಿಗೆ ಹೇಳುವುದು. ಇಷ್ಟೇ ಕೆಲಸ.

ಮೊದಲು ಕುಳಿತವರು ಒಬ್ಬ ಅಜ್ಜಿ. ಮೇಡಮ್ ಓದಿದರು: "ನನ್ನ ಹೊಲದಲ್ಲಿ ಬಾಳೆ ಹಾಕಿದ್ದೇನೆ, ಯಾವ ಗೊಬ್ಬರ ಕೊಡಬೇಕು?"

ಅಜ್ಜಿ ಮೈಕು ನೋಡಿದರು, ಮೇಡಮ್ ಮುಖ ನೋಡಿದರು. "ನಂದು ಹೊಲ ಐತಿ, ಖರೆ. ಬಾಳಿ ಎಲ್ಲೈತಿ? ಜ್ವಾಳ ಹಾಕೀವಿ."

"ಇರ್ಲಿ ಅಜ್ಜಿ, ಸುಮ್ನ ಅಂದ್ಬಿಡ್ರಿ. ನಮಗ ದನಿ ಸಿಕ್ರ ಸಾಕು."

"ಸುಮ್ನ ಹೆಂಗ ಅನ್ನೂದು? ನಾಳಿ ಯಾರರೆ ಬಂದು ಎಲ್ಲೈತವಾ ನಿನ್ನ ಬಾಳಿ, ತೋರ್ಸು ಅಂದ್ರ ನೀ ಬರ್ತೀಯೇನು?"

ಮೇಡಮ್ ಅಜ್ಜಿಯನ್ನು ಬಿಟ್ಟು ಪಕ್ಕದ ಸೈಕಲ್ ಅಂಗಡಿಯ ಚಾಚಾನ ಕಡೆ ತಿರುಗಿದರು. ಅವರ ಪಾಲಿಗೆ ಬಂದ ವಾಕ್ಯ "ನನ್ನ ಎಮ್ಮೆ ಹಾಲು ಕೊಡುತ್ತಿಲ್ಲ" ಅಂತ. ಚಾಚಾ ಕೈ ಮುಗಿದುಬಿಟ್ಟರು. "ಬ್ಯಾಡ್ರಿ ಬೇಟಿ. ನಮ್ಮ ಎಮ್ಮಿ ಛಲೋತ್ನಾಗ ಹಾಲು ಕೊಡಾಕತ್ತೈತಿ. ನನ್ನ ಬಾಯಿಲೆ ಹಂಗ ಅಂದ್ರ ದೃಷ್ಟಿ ಆಗ್ತೈತಿ."

ಅಷ್ಟರಲ್ಲಿ ಮಂದಿ ಕೂಡಿದರು. ಕಾಗದದ ಒಂದೊಂದು ವಾಕ್ಯಕ್ಕೂ ತಕರಾರು ಬಂತು. ಸಂಜೆಯ ಹೊತ್ತಿಗೆ ನಮ್ಮ ಹತ್ತಿರ ಇದ್ದದ್ದು ಬರೀ ವಾದ. ಊರೂರಿನಲ್ಲೂ ಹೀಗೇ ಆಯಿತು. ಬೇರೆ ದಾರಿಯಿಲ್ಲದೆ ಮೇಡಮ್ ಆ ವಾದಗಳನ್ನೇ ಯಂತ್ರಕ್ಕೆ ತುಂಬಿದರು.

ಅದರ ಪರೀಕ್ಷೆ ಲಕ್ಷ್ಮೇಶ್ವರದಲ್ಲಿ ನಡೆಯಿತು. ಬೆಂಗಳೂರಿನಿಂದ ಬಂದಿದ್ದ ಅಧಿಕಾರಿ ಫೋನು ಹಿಡಿದು, "ನಮಸ್ಕಾರ, ದಯವಿಟ್ಟು ನಾಳಿನ ಹವಾಮಾನ ತಿಳಿಸುವಿರಾ?" ಅಂತ ಕೇಳಿದರು.

"ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ" ಅಂದಿತು ಯಂತ್ರ. ಅವರು ಇನ್ನೂ ನಯವಾಗಿ ಕೇಳಿದರು. ಮತ್ತೆ ಅದೇ ಉತ್ತರ. ಮೇಡಮ್ ಉಗುರು ಕಚ್ಚತೊಡಗಿದರು. ಅವರ ಒಂದು ವರ್ಷದ ಕೆಲಸ ಅದು.

ಅಧಿಕಾರಿಯ ಜೀಪಿನ ಡ್ರೈವರ್ ಲಕ್ಷ್ಮೇಶ್ವರದವರೇ. ಊಟದ ಹೊತ್ತು ಮೀರುತ್ತಿತ್ತು. ಬಾಗಿಲಲ್ಲಿ ನಿಂತು ನಿಂತು ಬೇಸತ್ತು, ಅಲ್ಲಿಂದಲೇ ಫೋನಿನ ಕಡೆ ಗದರಿದರು: "ಏ, ನಾಳಿಗೆ ಮಳಿ ಬರ್ತೈತೋ ಇಲ್ಲೋ? ಹೇಳೂದಿದ್ರ ಹೇಳು, ಇಲ್ಲಂದ್ರ ಬಿಡು."

"ನಾಳೆ ಮೋಡ ಕವಿದ ವಾತಾವರಣವಿದೆ, ಮಳೆಯ ಸಾಧ್ಯತೆ ಇಲ್ಲ" ಅಂದಿತು ಯಂತ್ರ.

ಅಧಿಕಾರಿ ಫೋನು ಕೆಳಗಿಟ್ಟರು. "ಇದಕ್ಕೆ ಗೌರವದಿಂದ ಮಾತಾಡಿದರೆ ತಿಳಿಯುವುದಿಲ್ಲವೇ?" ಅಂತ ಕೇಳಿದರು.

"ಗೌರವ ಇನ್ನೂ ಕಲಿಸಿಲ್ಲರಿ ಸರ್" ಅಂದರು ಮೇಡಮ್. "ಮುಂದಿನ ತಿಂಗಳು ಕಲಿಸ್ತೀವಿ."

ನಡೆವ ಬಂಡೆಗಳು

ಇದು ಸಣ್ಣದು. ಹಮ್ಮಿಗಿಯಲ್ಲಿ ತುಂಗಭದ್ರೆಯ ಮೇಲೆ ಡ್ರೋನ್ ಹಾರಿಸುತ್ತಿದ್ದೆವು. ಪ್ರವಾಹ ಬಂದಾಗ ದೋಣಿಗಳು ಬಂಡೆಗೆ ಬಡಿಯಬಾರದು, ಅದಕ್ಕೆ ನೀರಿನಲ್ಲಿ ಎಲ್ಲೆಲ್ಲಿ ಬಂಡೆ ಇವೆ ಅಂತ ಮೊದಲೇ ನಕ್ಷೆ ಮಾಡಿಡುವ ಕೆಲಸ. ಡ್ರೋನು ಚಿತ್ರ ತೆಗೆಯುತ್ತದೆ, ಮೇಡಮ್ ಅವರ ಲ್ಯಾಪ್‌ಟಾಪು ಬಂಡೆಗಳನ್ನು ಗುರುತಿಸುತ್ತದೆ.

ಬೆಳಗಿನ ನಕ್ಷೆಗೂ ಮಧ್ಯಾಹ್ನದ ನಕ್ಷೆಗೂ ತಾಳೆಯಾಗಲಿಲ್ಲ. ಕೆಲವು ಬಂಡೆಗಳು ಜಾಗ ಬದಲಿಸಿದ್ದವು. ಮೇಡಮ್ ಊಟ ಬಿಟ್ಟು ಲೆಕ್ಕಾಚಾರದಲ್ಲಿ ಮುಳುಗಿದರು. ಹೊಳೆಯೇ ಬಂಡೆ ಉರುಳಿಸುತ್ತಿದೆಯೋ, ಡ್ರೋನು ಕೆಟ್ಟಿದೆಯೋ ಅಂತ ನಮಗೆ ತಿಳಿಯಲಿಲ್ಲ. ಸಂಜೆ ಮತ್ತೊಮ್ಮೆ ಹಾರಿಸಿದೆವು. ಆಗ ಒಬ್ಬರು ಬಿಳಿ ರುಮಾಲಿನವರು ದಂಡೆಗೆ ಬಂದು, ಬಾಯಿಗೆ ಕೈ ಅಡ್ಡ ಹಿಡಿದು "ಹೋಯ್, ಬಾ ಬಾ" ಅಂದರು. ನೀರಿನಲ್ಲಿ ಮುಳುಗಿದ್ದ ಎಮ್ಮೆಗಳು ಒಂದೊಂದಾಗಿ ಎದ್ದು, ಮೈ ಕೊಡವಿ, ಅವರ ಹಿಂದೆ ಹಾಲು ಕರೆಸಿಕೊಳ್ಳಲು ಹೊರಟವು.

ಮೇಡಮ್ ನನಗೆ ಲ್ಯಾಪ್‌ಟಾಪು ತಿರುಗಿಸಿ ತೋರಿಸಿದರು. ಪರದೆಯ ಮೇಲೆ ಕೆಂಪಕ್ಷರದಲ್ಲಿ ಎಚ್ಚರಿಕೆ ಬಂದಿತ್ತು: "ಬಂಡೆಗಳು ಊರೊಳಗೆ ಪ್ರವೇಶಿಸುತ್ತಿವೆ."

ಹಾಜರಿ

ಬೆಟಗೇರಿಯ ಒಂದು ಹತ್ತಿ ಗಿರಣಿಯಲ್ಲಿ ಮುಖ ನೋಡಿ ಹಾಜರಿ ಹಾಕುವ ಯಂತ್ರ ಕೂರಿಸಿದೆವು. ಒಬ್ಬರ ಫೋಟೋ ಹಿಡಿದು ಇನ್ನೊಬ್ಬರು ಹಾಜರಿ ಹಾಕಬಾರದಲ್ಲ, ಅದಕ್ಕೆ ಎದುರಿಗಿರುವುದು ಜೀವಂತ ಮುಖವೇ ಅಂತ ಅದು ಖಾತ್ರಿ ಮಾಡಿಕೊಳ್ಳುತ್ತದೆ. "ದಯವಿಟ್ಟು ನಗಿ" ಅನ್ನುತ್ತದೆ. ನಕ್ಕರೆ "ಹಾಜರಾತಿ ದಾಖಲಾಗಿದೆ, ಧನ್ಯವಾದಗಳು" ಅಂತ ಬಾಗಿಲು ತೆರೆಯುತ್ತದೆ.

ಅಲ್ಲಿಯ ಮ್ಯಾನೇಜರ್ ನಕ್ಕದ್ದನ್ನು ಯಾರೂ ಕಂಡಿರಲಿಲ್ಲ. ಕೆಟ್ಟ ಮನುಷ್ಯರಲ್ಲ. ಕೆಲಸಗಾರರ ಮನೆಯಲ್ಲಿ ಜಡ್ಡು, ಕಾಯಿಲೆ ಅಂದರೆ ಮೊದಲು ಹೋಗಿ ನಿಲ್ಲುವವರು ಅವರೇ. ಆದರೆ ಸ್ವಂತ ಮಗಳ ಮದುವೆಯ ಫೋಟೋದಲ್ಲೂ ಹತ್ತಿಯ ತೂಕ ನೋಡುವ ಮುಖದಲ್ಲೇ ನಿಂತಿದ್ದಾರೆ.

ಮೊದಲ ದಿನ ಯಂತ್ರ "ದಯವಿಟ್ಟು ನಗಿ" ಅಂದಾಗ ಅವರು ಹಲ್ಲು ತೋರಿಸಿದರು. "ದಯವಿಟ್ಟು ನಗಿ" ಅಂದಿತು ಅದು ಮತ್ತೆ. ತುಟಿ ಅಗಲಿಸಿದರು, ಹುಬ್ಬೇರಿಸಿದರು. ಬಾಗಿಲು ತೆರೆಯಲಿಲ್ಲ. ಹಿಂದೆ ಸರದಿ ಬೆಳೆಯಿತು. ಕೊನೆಗೆ ವಾಚ್‌ಮನ್ ಹಿಂಬಾಗಿಲಿನಿಂದ ಒಳಗೆ ಕರೆದುಕೊಂಡು ಹೋದರು. ಗಿರಣಿಗೆ ಎಲ್ಲರಿಗಿಂತ ಮೊದಲು ಬರುವ ಮನುಷ್ಯ ಆ ದಿನ ಗೈರುಹಾಜರು ಅಂತ ದಾಖಲಾಯಿತು. ಅವರ ಮನಸ್ಸಿಗೆ ಅದು ಬಹಳ ಚುಚ್ಚಿತು. ನನ್ನನ್ನು ಕರೆಸಿದರು.

"ಇದರಾಗಿಂದು ನಗೂದು ತಗದ್ ಹಾಕ್ರಿ."

"ತಗದ್ರ ಫೋಟೋಕ್ಕೂ ಹಾಜರಿ ಬೀಳ್ತೈತ್ರಿ."

"ಮತ್ತ ನಾ ಏನ್ ಮಾಡ್ಲಿ?"

"ಮಷೀನ್ ಮುಂದ ನಿಂತಾಗ ಏನರೆ ಖುಷಿ ಸಂಗತಿ ನೆನಸ್ಕೊಳ್ರಿ."

ಅವರು ಯೋಚಿಸಿದರು. ಬಹಳ ಹೊತ್ತು ಯೋಚಿಸಿದರು. ಆಮೇಲೆ ನಿಜವಾಗಿಯೂ ತಿಳಿಯದವರಂತೆ ಕೇಳಿದರು: "ಎಂಥಾದ್ದು?"

ಅಂದಿನಿಂದ ದಿನವೂ ಯಂತ್ರದ ಮುಂದೆ ನಿಂತು, ಎರಡೂ ಕೆನ್ನೆಗೆ ಬೆರಳು ಕೊಟ್ಟು ಮೇಲೆತ್ತಿ, ಒದ್ದಾಡಿ ಒಳಗೆ ಹೋಗುತ್ತಿದ್ದರು. ಅದನ್ನು ನೋಡಲೆಂದೇ ಕೆಲಸಗಾರರು ಜಲ್ದಿ ಬರತೊಡಗಿದರು. ನಿಮ್ಮ ಯಂತ್ರದಿಂದ ತಡವಾಗಿ ಬರುವ ಚಟವೇ ಬಿಟ್ಟುಹೋಯಿತು ಅಂತ ಗಿರಣಿಯ ಮಾಲೀಕರಾದ ಸಾವಕಾರರು ನನಗೆ ಫೋನು ಮಾಡಿ ಹೊಗಳಿದರು. ಸುದ್ದಿ ಮ್ಯಾನೇಜರರ ಮನೆಗೂ ಮುಟ್ಟಿತು. ಮರೆತು ಬಂದ ಊಟದ ಡಬ್ಬಿಯ ನೆಪದಲ್ಲಿ ಅವರ ಹೆಂಡತಿ ಬಂದು, ಗೇಟಿನ ಹೊರಗೆ ನಿಂತು ಎಲ್ಲ ನೋಡಿದರು. ಹೋಗುವಾಗ, ಯಂತ್ರ ನೋಡಿ ಹೋಗಲು ಬಂದಿದ್ದ ನನ್ನನ್ನು ಕೇಳಿದರು: "ಮನ್ಯಾಗ ಕೂಡ್ರಿಸೂವಂಥಾ ಸಣ್ಣದು ಬರ್ತಾವೇನ್ರಿ ಇದರಾಗ?"

ಒಂದು ದಿನ ಸಾವಕಾರರು ಹುಬ್ಬಳ್ಳಿಯ ವ್ಯಾಪಾರಿಗಳನ್ನು ಕರೆತಂದರು. ಅವರ ಗಿರಣಿಗಳಿಗೂ ಇಂಥದೇ ಯಂತ್ರ ಬೇಕಿತ್ತು, ಹಾಗಾಗಿ ನಾನೂ ಇದ್ದೆ. ಸಾವಕಾರರು ವರ್ಷಕ್ಕೊಮ್ಮೆ ಗಿರಣಿಗೆ ಬಂದರೆ ಹೆಚ್ಚು. ಅವರ ಮುಖವನ್ನು ಯಂತ್ರಕ್ಕೆ ತೋರಿಸಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ.

"ನೋಡ್ರಿ ಈಗ" ಅಂತ ಅತಿಥಿಗಳಿಗೆ ಹೇಳಿ ಸಾವಕಾರರು ಯಂತ್ರದ ಮುಂದೆ ನಿಂತು ಬಾಯಿ ತುಂಬ ನಕ್ಕರು.

"ಅಪರಿಚಿತ ವ್ಯಕ್ತಿ" ಅಂದಿತು ಯಂತ್ರ. "ದಯವಿಟ್ಟು ಕಾವಲುಗಾರರನ್ನು ಸಂಪರ್ಕಿಸಿ."

ಸಾವಕಾರರು ಕನ್ನಡಕ ತೆಗೆದು ಇನ್ನೂ ಅಗಲವಾಗಿ ನಕ್ಕರು. "ಅಪರಿಚಿತ ವ್ಯಕ್ತಿ" ಅಂದಿತು. ಹಳೆಯ ವಾಚ್‌ಮನ್ ರಜೆಯ ಮೇಲಿದ್ದರು. ಆ ವಾರವೇ ಸೇರಿದ್ದ ಹೊಸಬರು ತಮಗೆ ಹೇಳಿಕೊಟ್ಟಿದ್ದ ಹಾಗೆ ಕೋಲು ಹಿಡಿದು ಎದ್ದು ಬಂದು, ಸಾವಕಾರರನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೇಳಿದರು: "ಯಾರ್ ಬೇಕಾಗಿತ್ರಿ ನಿಮಗ?"

ಕೆಲಸಗಾರರೆಲ್ಲ ನೆಲ ನೋಡುತ್ತಿದ್ದರು. ನಾನು ಮ್ಯಾನೇಜರರ ಕಡೆ ನೋಡಿದೆ. ಅವರು ಸಾವಕಾರರ ಹಿಂದೆ ಭುಜಕ್ಕೆ ಭುಜ ಹತ್ತುವಷ್ಟು ಸಮೀಪ, ಯಂತ್ರದ ಕಣ್ಣಿಗೆ ಬೀಳುವ ಹಾಗೆ ನಿಂತಿದ್ದರು. ಅವರ ತುಟಿಯ ತುದಿ ಮೊದಲು ನಡುಗಿತು, ಆಮೇಲೆ ಮೇಲೇರಿತು, ಕೆನ್ನೆ ಉಬ್ಬಿತು, ಕಣ್ಣು ಸಣ್ಣಗಾದವು. ಬೆರಳಿನ ಸಹಾಯವೇ ಬೇಕಾಗಲಿಲ್ಲ.

"ಹಾಜರಾತಿ ದಾಖಲಾಗಿದೆ, ಧನ್ಯವಾದಗಳು" ಅಂದಿತು ಯಂತ್ರ. ಬಾಗಿಲು ತೆರೆಯಿತು.

ಸಾವಕಾರರು ಸರಕ್ಕನೆ ತಿರುಗಿದರು. "ಏನ್ರಿ ಮ್ಯಾನೇಜರ್, ನಕ್ರೇನು?"

ಮ್ಯಾನೇಜರರ ಮುಖ ಅಷ್ಟರಲ್ಲಿ ಎಂದಿನಂತಾಗಿತ್ತು.

"ಇಲ್ರಿ ಸಾವಕಾರ್ರ" ಅಂದರು. "ಹಾಜರಿ ಹಾಕಿದ್ನಿರಿ."