ಕಟ್ಟು ಮೀರಿದವನು

ಮಾದೇಶನ ಜೊತೆ ಯಾರೂ ಮಾತಾಡಕೂಡದೆಂದು ಊರಿನ ಚಾವಡಿಯಲ್ಲಿ ತೀರ್ಮಾನವಾಯಿತು. ಅವನು ಕಟ್ಟು ಮೀರಿದ್ದಾನಂತೆ.

ಯಾವ ಕಟ್ಟು ಎಂದು ಯಾರೂ ಹೇಳಲಿಲ್ಲ. ಕೆಳಬೀದಿಯ ಮಾದೇಶ ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಮೂಟೆ ಹೊರುವವನು. ರಜೆಗೆ ಬಂದವನಿಗೆ ಬೆಳಿಗ್ಗೆ ಈ ಸುದ್ದಿ ಮುಟ್ಟಿತು. ತಂಗಿ ರೋಜಾಳನ್ನು ಒಪ್ಪಿದ್ದ ಬನ್ನೂರಿನವರು ಸಂಜೆ ಮದುವೆ ಮಾತಿಗೆ ಬರುವವರಿದ್ದರು. ಅಷ್ಟರೊಳಗೆ ಮೀರಿದ್ದೇನೆಂದು ತಿಳಿದು ಸರಿಮಾಡಿಕೊಳ್ಳೋಣವೆಂದು, ಸಂತೆಯಲ್ಲಿ ಒಡೆಯನನ್ನು ಕಳೆದುಕೊಂಡ ಕುರಿಯಂತೆ ಹೊರಟ.

ಕಾಯಿನ್ ಬಾಕ್ಸ್ ಫೋನಿಟ್ಟಿದ್ದ ಅಂಗಡಿಯ ಬಸವಯ್ಯ ತೀರ್ಮಾನ ಮಾಡಿದವರಲ್ಲೊಬ್ಬ. ಮೊದಲು ಮುಖ ತಿರುಗಿಸಿದ. ಆದರೆ ಕೇಳಿದ್ದಕ್ಕೆ ಸುಮ್ಮನಿರುವ ಅಭ್ಯಾಸ ಅವನ ವಂಶದಲ್ಲೇ ಇರಲಿಲ್ಲ. ಹಿರೀಕರು ಕೂತು ಕಟ್ಟಿದ್ದೇ ಕಟ್ಟು ಎಂದು ಬಾಯಿ ಒಣಗುವವರೆಗೆ ವಿವರಿಸಿದ. ಏನು ಕಟ್ಟಿದರು ಎಂದರೆ, "ಅದ ನಮ್ ತಾತನ್ನೇ ಕೇಳ್ಬೇಕು ಕಣ್ಲಾ" ಎಂದ. ತಾತ ಮಣ್ಣಾಗಿ ಯಾವ ಕಾಲವಾಗಿತ್ತೋ.

ಬಸವಯ್ಯನ ಅತ್ತಿಗೆ ಚನ್ನಬಸಮ್ಮ ಒಳಗಿಂದ ಬಂದು, ಅದೆಲ್ಲ ಸುಳ್ಳು, ಆ ಮಾತು ಹುಟ್ಟಿದ್ದೇ ಕೊಟ್ಟಿಗೆಯಲ್ಲಿ, ಕೊರಳಿಗೆ ಕಟ್ಟಿದ ಕಣ್ಣಿ ಕಿತ್ತ ದನಕ್ಕೆ ಹಾಗನ್ನುವುದು ಎಂದಳು.

"ದನಕ್ಕಾದ್ರೆ ಕಣ್ಣಿ ಕಾಣ್ತದೆ ಕಣವ್ವ. ನಂಗೆ ಕಟ್ಟಿರೋದು ಎಲ್ಲೈತೆ, ತೋರ್ಸಿ."

ಅವಳು ಅವನ ಕತ್ತು, ಕೈಕಾಲು ನೋಡಿ ತಬ್ಬಿಬ್ಬಾಗಿ, ನಿವೃತ್ತ ಮೇಷ್ಟ್ರು ಪುಟ್ಟಸ್ವಾಮಿಯವರಲ್ಲಿಗೆ ಅಟ್ಟಿದಳು. ಮೇಷ್ಟ್ರು ಅದು ಕೆರೆಕಟ್ಟೆಯಿಂದ ಬಂದ ಮಾತೆಂದರು. ನೀರು ಮೀರಿದರೆ ಊರೇ ಮುಳುಗುತ್ತದೆಂದರು. ತಾನು ಮುಳುಗಿಸಿದ್ದು ಯಾವ ಊರು ಎಂದು ಮಾದೇಶ ಕೇಳುವಷ್ಟರಲ್ಲಿ ದಾರಿಹೋಕರೆಲ್ಲ ಸೇರಿದ್ದರು. ಒಬ್ಬರ ಅರ್ಥ ಇನ್ನೊಬ್ಬರಿಗೆ ಹಿಡಿಸದೆ, ಎಲ್ಲರೂ ತಂತಮ್ಮ ಅರ್ಥವನ್ನು ಮಾದೇಶನಿಗೇ ಒಪ್ಪಿಸತೊಡಗಿದರು. ಹುಟ್ಟಿದಂದಿನಿಂದ ಊರು ಅವನ ಜೊತೆ ಅಷ್ಟು ಮಾತಾಡಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಚಾವಡಿಗೆ ಹೊಳೆಯಿತು: ಊರೆಲ್ಲ ಮಾತಾಡಿಬಿಟ್ಟಿದೆ, ಕಟ್ಟು ಮೀರದವರು ಯಾರೂ ಉಳಿದಿಲ್ಲ. ಮಾದೇಶನಿಗೆ ಹೋದ ಜೀವ ಬಂತು. ಬಸವಯ್ಯ ತಲೆ ಕೆರೆದು ದಾರಿ ಹುಡುಕಿದ. ತಮಟೆ ಬಡಿದು ಸಾರುವವರೆಗೆ ಚಾವಡಿಯ ತೀರ್ಮಾನ ಜಾರಿಯಾಗುವುದಿಲ್ಲ. ಆದ್ದರಿಂದ ಈವರೆಗೆ ಮಾತಾಡಿದವರದು ತಪ್ಪಲ್ಲ, ಈಗಲೇ ಸಾರಿಸಿಬಿಡೋಣ ಎಂದ. ಸಾರುವ ಕೆಲಸ ಕೆಳಬೀದಿಯಲ್ಲಿ ಮನೆಗೊಂದು ತಿಂಗಳ ಸರದಿ. ಈ ತಿಂಗಳು ಯಾರದು ಎಂದು ಕೇಳಿದರು.

ಮಾದೇಶನದು.

ಬಸವಯ್ಯ ತಮಟೆ ತರಿಸಿ ಅವನ ಮುಂದಿಡಿಸಿದ. "ಮಾದೇಶನ್ ಜೊತೆ ಯಾರೂ ಮಾತಾಡಂಗಿಲ್ಲ ಅಂತ ಸಾರ್ಕೊಂಡ್ ಬಾ ಓಗ್ಲಾ. ಬನ್ನೂರೋರು ಬರೋದ್ರೊಳ್ಗೆ ಮುಗ್ಸು."

"ಸಾರಿದ್ರೆ ತಂಗಿ ಮದ್ವೆ ಮುರಿತದೆ ಸಾ."

"ಸಾರ್ದಿದ್ರೆ ಕಟ್ಟು ಮೀರ್ದಂಗಾಯ್ತದೆ ಕಣ್ಲಾ."

ಬೆಳಿಗ್ಗೆಯಿಂದ ಹುಡುಕುತ್ತಿದ್ದ ಕಟ್ಟು ಮಾದೇಶನಿಗೆ ಕೊನೆಗೂ ಕಣ್ಣೆದುರು ಕಂಡಿತು. ಕೈ ಹಿಂದಕ್ಕೆ ಕಟ್ಟಿ ನಿಂತ.

"ನಾ ಸಾರಾಕಿಲ್ಲ ಸಾ" ಎಂದ.